ಕುರ್ಚಿ ಫೋಟೋ

೧೧ ಮಾರ್ಚ್ ೧೯೭೯, ರವಿವಾರ. ರಾಯಚೂರು

ಯಂಕಮ್ಮ ಹೋಗಿ ಹದಿಮೂರು ತಿಂಗಳಾಯಿತು. ಇಷ್ಟು ದಿನ ಗೋಡೆಯ ಜೊತೆ ಮಾತಾಡಿದೆ. ಹೆಂಡತಿ ಹೂಂ ಅಂತಲಾದರೂ ಅನ್ನುತ್ತಿದ್ದಳು, ಗೋಡೆ ಅದನ್ನೂ ಅನ್ನುವುದಿಲ್ಲ. ಸ್ಟುಡಿಯೋ ಮುಚ್ಚಿದಾಗ ಉಳಿದ ಆರ್ಡರ್ ಪುಸ್ತಕ ಒಂದಿತ್ತು. ಪ್ರತಿ ಹಾಳೆಯ ಮೇಲೆ 'ಗಿರಾಕಿಯ ಹೆಸರು, ಸೈಜು, ಕಾಪಿ' ಎಂದು ಅಚ್ಚಾಗಿದೆ. ಅದರಲ್ಲೇ ಬರೆಯುತ್ತೇನೆ. ಗಿರಾಕಿ ನಾನೇ, ಕಾಪಿ ಒಂದೇ.

ಬರೆಯಲು ಇನ್ನೊಂದು ಕಾರಣ ವಲಿ ಪಾಷಾ. ತೀನ್ ಕಂದಿಲ್ ಹತ್ತಿರ ರದ್ದಿ ಅಂಗಡಿ ಇಟ್ಟಿರುವ ಹಳೆಯ ದೋಸ್ತ. ಇವತ್ತು ನನಗೆಂದು ಒಂದು ಇಂಗ್ಲಿಷ್ ಪುಸ್ತಕ ತೆಗೆದಿಟ್ಟಿದ್ದ. ರಟ್ಟಿಲ್ಲ, ಮೊದಲ ಹಾಳೆಗಳಿಲ್ಲ, ಕೊನೆಯವೂ ಇಲ್ಲ.

"ತಗೋಪಾ ಕನಕರಾಯ, ನಿನ್ನ ಜಾತಿಯವನ ಕಿತಾಬು."

"ನಮ್ಮ ಕುರುಬರ ಮ್ಯಾಲ ಇಂಗ್ಲಿಷಿನಾಗ ಯಾವ ಪುಣ್ಯಾತ್ಮ ಬರದಾನೋ?"

"ಅರೇ ಭಾಯಿ, ಕ್ಯಾಮೆರಾ ಜಾತಿ ಅಂದೆ. ಒಳಗ ಫೋಟೋ ನೋಡು. ಒಂದೊಂದೂ ಹೆಣ!"

ನೂರಿಪ್ಪತ್ತು ವರ್ಷದ ಹಿಂದೆ ಕ್ಯಾಮೆರಾ ಹೊತ್ತುಕೊಂಡು ದೇಶದೇಶ ತಿರುಗಿದ ಒಬ್ಬ ಬಿಳಿಯನ ಕಥೆ. ಎಲ್ಲಿ ಯುದ್ಧವೋ ಅಲ್ಲಿ ಅವನು. ಹೆಸರಿನ ಹಾಳೆಯೇ ಹರಿದಿದೆ, ಒಳಗೆ ಬರೀ 'ಅವರ್ ಆರ್ಟಿಸ್ಟ್' ಎಂದಿದೆ. ನಾನು ಸಾಹೇಬ ಎಂದು ಕರೆಯುತ್ತೇನೆ. ಗುಲಬರ್ಗಾದಲ್ಲಿ ಎರಡು ವರ್ಷ ಇಂಟರ್ ಓದಿ ಇಂಗ್ಲಿಷಿನಲ್ಲೇ ನಪಾಸಾದವನು ನಾನು. ಆದರೂ ಡಿಕ್ಷನರಿ ಇದೆ, ಚಾಳೀಸು ಇದೆ, ಟೈಮು ಬೇಕಾದಷ್ಟಿದೆ. ಸ್ಲೋ ಅಂಡ್ ಸ್ಟೆಡಿ. ಮುಂದಿನದು ನೆನಪಾದಾಗ ಬರೆಯುತ್ತೇನೆ.

೧೪ ಮಾರ್ಚ್, ಬುಧವಾರ

ಮೂರು ದಿನಕ್ಕೆ ಎಂಟು ಪುಟ. ಸಾಹೇಬ ಭಲೇ ಗಟ್ಟಿ ಮನುಷ್ಯ. ಆಗ ಫಿಲ್ಮು ಎಲ್ಲಿತ್ತು? ಗಾಜಿನ ಫಲಕಕ್ಕೆ ಔಷಧಿ ಬಳಿದು, ಅದು ಒಣಗುವುದರೊಳಗೆ ಫೋಟೋ ತೆಗೆದು, ಒಣಗುವುದರೊಳಗೆ ತೊಳೆದೂ ಮುಗಿಸಬೇಕು. ಒಂಟೆಯ ಮೇಲೆ ಗಾಜು, ಔಷಧಿ, ಕತ್ತಲೆ ಡೇರೆ. ಆ ಡೇರೆಯೊಳಗಿನ ಸೆಕೆ ನೆನೆಸಿಕೊಂಡರೆ ನಮ್ಮ ರಾಯಚೂರಿನ ಬಿಸಿಲೂ ತಂಪು.

ಒಂದು ಮಾತು ಮನಸ್ಸಿಗೆ ಹಿಡಿಸಿತು. ಆ ಕ್ಯಾಮೆರಾದ ಮುಂದೆ ಎಷ್ಟೋ ಹೊತ್ತು ಅಲುಗಾಡದೆ ಇರಬೇಕಿತ್ತಂತೆ. ಓಡುವ ಸೈನಿಕ, ಹಾರುವ ಕುದುರೆ ಯಾವುದೂ ಮೂಡುವುದಿಲ್ಲ. ಹಾಗಾಗಿ ಯುದ್ಧ ಮುಗಿದ ಮೇಲೆ ಸತ್ತವರನ್ನೇ ತೆಗೆಯುತ್ತಿದ್ದ. ಸತ್ತವರು ಅಲುಗಾಡುವುದಿಲ್ಲ. ಓದಿ ಒಬ್ಬನೇ ನಕ್ಕೆ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನ್ನ ಅನ್ನ ಕುರ್ಚಿ ಫೋಟೋದ್ದು. ನಮ್ಮ ಕಡೆ ಮನೆಯಲ್ಲಿ ಯಾರಾದರೂ ಸತ್ತರೆ, ಮಣ್ಣಿಗೆ ಒಯ್ಯುವ ಮೊದಲು ಕುರ್ಚಿಯಲ್ಲಿ ಕೂಡಿಸಿ, ಹೂವಿನ ಹಾರ ಹಾಕಿ ಒಂದು ಫೋಟೋ ತೆಗೆಸುವುದು ಪದ್ಧತಿ. ಬಹಳ ಜನಕ್ಕೆ ಜನ್ಮದಲ್ಲಿ ಅದೊಂದೇ ಫೋಟೋ. ಎದೆಗೆ ಪಂಚೆ ಸುತ್ತಿ ಕುರ್ಚಿಯ ಬೆನ್ನಿಗೆ ಕಟ್ಟಬೇಕು, ಗಂಟು ಕಾಣಬಾರದು. ಗದ್ದ ಜಾರದಂತೆ ಅಂಗಿಯೊಳಗೆ ಗಿಡ್ಡ ಕೋಲು. ಬಾಯಿ ಮುಚ್ಚಿಸಬೇಕು. ಆಮೇಲೆ ಮನೆಗೆ ಬಂದು ನೆಗೆಟಿವಿನ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮುಖದ ಕಲೆ, ಗಾಯ, ರೋಗದ ಗುರುತು ಎಲ್ಲ ತೆಗೆಯುತ್ತೇನೆ. ನೆಗೆಟಿವಿನಲ್ಲಿ ಎಲ್ಲ ಉಲ್ಟಾ. ಕಪ್ಪು ಕಲೆ ಅಲ್ಲಿ ಬೆಳ್ಳಗಿರುತ್ತದೆ, ಅದನ್ನು ಪೆನ್ಸಿಲ್ಲಿನಿಂದ ತುಂಬಿದರೆ ಪ್ರಿಂಟಿನಲ್ಲಿ ಕಲೆಯೇ ಇರುವುದಿಲ್ಲ. ಕೊನೆಗೆ ಪ್ರಿಂಟಿನ ಮೇಲೆ ಕುಂಚದಿಂದ ಕಣ್ಣು ತೆರೆಸುತ್ತೇನೆ. ದೇವದುರ್ಗ, ಮಾನ್ವಿ, ಗುಂಜಹಳ್ಳಿ, ಎಲ್ಲಿ ಹೋದರೂ ಗೋಡೆಯ ಮೇಲಿಂದ ನಾನು ಕಣ್ಣು ತೆರೆಸಿದವರು ನನ್ನನ್ನೇ ನೋಡುತ್ತಾರೆ. ಸತ್ತವರ ಮೈಮೇಲೆ ಕಲೆ ಇರಬಾರದು. ಇದು ನನ್ನ ಫಸ್ಟ್ ಪ್ರಿನ್ಸಿಪಲ್. ಸೆಕೆಂಡ್ ಪ್ರಿನ್ಸಿಪಲ್ ಇಲ್ಲ.

೨೨ ಮಾರ್ಚ್, ಗುರುವಾರ

ಮಾನ್ವಿ ಕಡೆಯ ಒಂದು ಅಕ್ಕಿ ಗಿರಣಿಯ ಗುಮಾಸ್ತ ಬೂದೆಪ್ಪ ಬಂದಿದ್ದ. ಅರ್ಧ ಡಜನ್ ಮೋಸಂಬಿ ತಂದಿದ್ದ.

"ಮಾಸ್ತರ, ಹ್ವಾದ ಡಿಸೆಂಬರಿನ್ಯಾಗ ನಮ್ಮ ಗಿರಣ್ಯಾಗ ಒಂದು ಕುರ್ಚಿ ಫೋಟೋ ತಗದಿದ್ರಲ್ಲ, ತಾಯಪ್ಪಂದು, ಅದರದು ಇನ್ನೆರಡು ಕಾಪಿ ಬೇಕ್ರಿ."

"ಮನಿಯವರಿಗೇನು?"

"ಮನಿಯವರಿಗಲ್ರಿ, ಅಸಿಸ್ಟೆಂಟ್ ಕಮಿಷನರ್ರಿಗೆ, ಎಸಿ ಸಾಹೇಬ್ರಿಗೆ. ಅವನ ಹೇಣ್ತಿ ಅರ್ಜಿ ಕೊಟ್ಟಾಳ, ನನ್ನ ಗಂಡನ್ನ ಹಗ್ಗ ಹಾಕಿ ಕೊಂದಾರ ಅಂತ. ಎನ್‌ಕ್ವೈರಿ ನಡದದ. ನಮ್ಮ ಧಣಿ ನಿಮ್ಮ ಫೋಟೋ ಇಟ್ಟು ಹೇಳ್ಯಾರ, ನೋಡ್ರಿ, ಕುತ್ತಿಗಿ ಮ್ಯಾಲ ಒಂದು ಗೆರಿ ಸೈತ ಇಲ್ಲ. ರಾಯಚೂರಿನ ಕನಕರಾಯ ಮಾಸ್ತರ ತಗದ ಫೋಟೋ ಅಂದ್ಮ್ಯಾಲ ಮುಗೀತು."

ಸುಳ್ಳು ಬರೆಯಲಾರೆ, ಎದೆ ಉಬ್ಬಿತು. ನಲವತ್ತು ವರ್ಷದಲ್ಲಿ ನನ್ನ ಫೋಟೋ ಸರಕಾರದ ಫೈಲಿಗೆ ಹೋದದ್ದು ಇದೇ ಮೊದಲು. ಅದು ಡಿಸೆಂಬರ್, ಭತ್ತದ ಸುಗ್ಗಿ. ಜೀಪು ಕಳಿಸಿದ್ದರು. ದೇವದುರ್ಗದ ಅರಕೇರಾದಿಂದ ಕೂಲಿಗೆ ಬಂದ ಆಳು, ಮೂವತ್ತರ ಒಳಗಿನ ವಯಸ್ಸು. ಕಣದಲ್ಲಿ ತಲೆ ತಿರುಗಿ ಬಿದ್ದು ಸತ್ತ ಅಂದಿದ್ದರು. ಮೈ ಗಟ್ಟಿಯಾಗಿತ್ತು, ಕೂಡಿಸಲು ಸಾಕುಸಾಕಾಯಿತು. ಸಣ್ಣಪುಟ್ಟ ಕಲೆ ಇದ್ದವು, ತೆಗೆದೆ. ಪ್ರಿಂಟು ಬಹಳ ಚೆಂದ ಬಂದಿತ್ತು. ಡಾಕ್ಟರಿಗೆ ತೋರಿಸದೆ ಅದೇ ದಿನ ಹೆಣ ಅರಕೇರಾಕ್ಕೆ ಒಯ್ದು ಮಣ್ಣು ಮಾಡಿದರಂತೆ. ಅದು ಅವರ ಬಾಬತ್ತು.

ಎರಡು ಕಾಪಿ ಮಾಡಿ ಕೊಟ್ಟೆ. ಮೋಸಂಬಿ ಹುಳಿ.

೩ ಏಪ್ರಿಲ್, ಮಂಗಳವಾರ

ಬಿಸಿಲು. ಸಾಹೇಬ ಸಮುದ್ರ ದಾಟಿ ಹಿಂದೂಸ್ತಾನಕ್ಕೆ ಬಂದ. ಐವತ್ತೇಳರ ದಂಗೆಯ ಮರುವರ್ಷ.

೮ ಏಪ್ರಿಲ್, ರವಿವಾರ

ಊಟಕ್ಕೆ ಕೂಡುವಾಗ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು. ಸೆರಗಿನಲ್ಲಿ ಏನೋ ಸುತ್ತಿ ಹಿಡಿದಿದ್ದಳು.

"ಫೋಟೋ ಮಾಸ್ತರು ನೀವ ಏನ್ರಿ? ನಾ ಅಮರಮ್ಮ. ಅರಕೇರಾ. ತಾಯಪ್ಪನ ಹೇಣ್ತಿ."

ಸೆರಗು ಬಿಚ್ಚಿದರೆ ನನ್ನದೇ ಫೋಟೋ, ಕಟ್ಟು ಹಾಕಿಸಿದ್ದು. ಕಟ್ಟು ಹಾಕಿಸಿ ಕೊಟ್ಟವರು ಗಿರಣಿಯವರು.

"ಯಪ್ಪಾ, ಒಂದು ಮಾತು ಕೇಳಾಕ ಬಂದೀನಿ. ಅವನ ಮೈ ತೊಳದಾಕಿ ನಾನು. ಕುತ್ತಿಗಿ ಸುತ್ತ ಹಗ್ಗದ ಗುರುತಿತ್ತು, ಕರ್ರಗ, ಎತ್ತಿನ ಹೆಗಲಾಗ ನೊಗ ಕೊರದಂಗ. ಇದರಾಗ ಎಲ್ಲೈತ್ರಿ?"

ನಾನು ಫೋಟೋ ತಿರುಗಿಸಿ ಹಿಡಿದೆ, ಬೆಳಕಿಗೆ ಹಿಡಿದೆ. ಏನೋ ಹುಡುಕುವವನ ಹಾಗೆ.

"ಸಾಹೇಬ್ರ ಮುಂದ ಇದನ್ನ ಹಿಡದು ಎಲ್ರೂ ನನ್ನ ಸುಳ್ಳಿ ಅಂದ್ರು. ಒಂದು ಚೀಲ ಭತ್ತ ಕಾಣಲಿಲ್ಲಂತ ಕಂಬಕ್ಕ ಕಟ್ಟಿದ್ರಂತ್ರಿ ಅವನ್ನ. ಜ್ವಾಳದ ರೊಟ್ಟಿ ತಿನ್ನೋರು ನಾವು, ಭತ್ತ ಒಯ್ದು ಏನು ಮಾಡ್ತಿದ್ದ? ಕೂಡಿದ್ದ ಆಳುಗಳಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡವಲ್ರು. ನೀವಾದ್ರೂ ಕಂಡಿದ್ರೇನು?"

ಅವಳಿಗೆ ಹೇಳಿದ್ದು ಇದು: ನೂರಾರು ಹೆಣ ನೋಡ್ತೀನವ್ವ, ಯಾವುದಂತ ನೆನಪಿಡ್ಲಿ? ಅವಳು ನನ್ನ ಮುಖವನ್ನೇ ನೋಡಿದಳು. ನೀರು ಕೇಳಿದಳು, ಕೊಟ್ಟೆ. ಹೋಗುವಾಗ ಫೋಟೋ ಒಯ್ಯಲಿಲ್ಲ.

"ನಿಮ್ಮಲ್ಲೇ ಇರ್ಲಿ. ಇವ ನನ್ನ ಗಂಡ ಅಲ್ಲ. ಇವನ ಕಣ್ಣು ಬ್ಯಾರೆ ಅದಾವ."

ಅನ್ನ ಆರಿ ಹೋಗಿತ್ತು.

೯ ಏಪ್ರಿಲ್

ಫೋಟೋವನ್ನು ಗೋಡೆಗೆ ಮುಖ ಮಾಡಿ ಇಟ್ಟೆ.

೧೯ ಏಪ್ರಿಲ್, ಗುರುವಾರ

ಹತ್ತು ದಿನ ಪುಸ್ತಕ ಮುಟ್ಟಿರಲಿಲ್ಲ. ಇವತ್ತು ತೆಗೆದೆ. ತೆಗೆಯಬಾರದಿತ್ತು.

ದೊಡ್ಡದೊಂದು ಫೋಟೋ ಇದೆ. ಉತ್ತರದ ಯಾವುದೋ ಊರಿನ ತೋಟದ ಅರಮನೆ, ಗೋಡೆಗಳೆಲ್ಲ ಗುಂಡು ಬಿದ್ದು ತೂತು. ಅಂಗಳದ ತುಂಬ ತಲೆಬುರುಡೆ, ಪಕ್ಕೆಲುಬು. ಹಿಂದೆ ಮೂರು ಜನ ನಮ್ಮವರು ನಿಂತಿದ್ದಾರೆ. ಮೊದಲ ಸಲ ನೋಡಿದಾಗ, ಆಹಾ, ಎಂಥ ಜೋಡಣೆ, ಕಣ್ಣು ಎಡದಿಂದ ಬಲಕ್ಕೆ ಹೇಗೆ ಹರಿಯುತ್ತದೆ ಅಂದುಕೊಂಡಿದ್ದೆ. ಇವತ್ತು ಅದರ ಕೆಳಗಿನ ಬರಹ ಓದಿದೆ. ಸಾಹೇಬ ಅಲ್ಲಿಗೆ ಬಂದದ್ದು ಕಾಳಗವಾಗಿ ಎಷ್ಟೋ ತಿಂಗಳಾದ ಮೇಲೆ. ಅಷ್ಟರಲ್ಲಿ ಸತ್ತವರನ್ನೆಲ್ಲ ಮಣ್ಣು ಮಾಡಿಯಾಗಿತ್ತು. ಅಂಗಳ ಖಾಲಿ. 'ದಿ ಬೋನ್ಸ್ ವರ್ ಬ್ರಾಟ್ ಔಟ್ ಅಂಡ್ ಅರೇಂಜ್ಡ್.' ನಾಲ್ಕು ಸಲ ಓದಿದೆ. ಹೂತ ಎಲುಬು ತೆಗೆಸಿ, ಫೋಟೋಕ್ಕೆ ಬೇಕಾದ ಹಾಗೆ ಹರಡಿಸಿದ್ದಾನೆ.

ಅವನು ದಾಖಲೆಗಾಗಿ ಮಾಡಿದ. ಇದ್ದದ್ದನ್ನೇ ತೋರಿಸಿದ, ಜಾಗ ಮಾತ್ರ ಸ್ವಲ್ಪ ಆಚೀಚೆ. ನಾನು ಮರ್ಯಾದೆಗಾಗಿ ಮಾಡಿದೆ. ಅವನಿಗೆ ಸಾವು ಹೆಚ್ಚು ಕಾಣಬೇಕಿತ್ತು, ನನಗೆ ಸಾವು ಕಾಣಬಾರದಿತ್ತು. ಇಬ್ಬರದೂ ಒಂದೇ ಅಲ್ಲ. ನಾಟ್ ಅಟ್ ಆಲ್ ಸೇಮ್.

ಮಧ್ಯಾಹ್ನ ಮತ್ತೆ ನೋಡಿದೆ. ನಿಂತ ಮೂವರಲ್ಲಿ ಒಬ್ಬನ ಕೈಯಲ್ಲಿ ಬುಟ್ಟಿ ಇದೆ. ಮೊದಲು ಕಂಡಿರಲಿಲ್ಲ. ತೋಟದ ಮಾಲಿಯ ಬುಟ್ಟಿ ಇರಬೇಕು ಅಂದುಕೊಂಡೆ. ಅಲ್ಲ. ಎಲುಬು ತಂದು ಸುರಿದವನು ಅವನೇ. ತನ್ನ ಊರಿನವರ ಎಲುಬು. ಕ್ಯಾಮೆರಾ ಕಡೆ ನೋಡುತ್ತಿದ್ದಾನೆ, ಸರಿಯಾಗಿ ಸುರಿದೆನೇ ಎಂದು ಕೇಳುವ ಹಾಗೆ.

ಇನ್ನು ಸುತ್ತಿ ಬಳಸಿ ಪ್ರಯೋಜನವಿಲ್ಲ. ಗುರುತು ಇತ್ತು. ನನ್ನ ಕಿರುಬೆರಳು ಕೂಡುವಷ್ಟು ಆಳ. ಹಾರ ಹಾಕುವಾಗ ಬೆರಳು ತಾಗಿತ್ತು. ಬೂದೆಪ್ಪನ ಕಡೆ ನೋಡಿದ್ದೆ. "ಹುಲ್ಲಿನ ಹೊರಿ ಹಗ್ಗ ತರಚೈತ್ರಿ," ಅಂದಿದ್ದ. ಹೌದು ಅಂದುಕೊಂಡೆ. ಹುಲ್ಲಿನ ಹೊರೆಯನ್ನು ಯಾರು ಕುತ್ತಿಗೆಗೆ ಕಟ್ಟಿಕೊಳ್ಳುತ್ತಾರೆ? ನಾನು ಕುರುಬರ ಹುಡುಗ, ಹಗ್ಗ ಗೊತ್ತಿಲ್ಲದವನಲ್ಲ. ಮನೆಗೆ ಬಂದು ಪೆನ್ಸಿಲ್ ಚೂಪು ಮಾಡಿ ಎರಡು ತಾಸು ಕೂತು ತುಂಬಿದೆ. ಚೆಂದ ಆಗಲಿ ಎಂದು. ಬೇರೆ ಯಾವ ಉದ್ದೇಶವೂ ಇರಲಿಲ್ಲ. ಯಾರೂ ನನಗೆ ಅಳಿಸು ಎಂದು ಹೇಳಿರಲೇ ಇಲ್ಲ.

೨ ಮೇ, ಬುಧವಾರ

ಪೆನ್ಸಿಲ್ ಗುರುತು ಶಾಶ್ವತವಲ್ಲ. ಹತ್ತಿಗೆ ಟರ್ಪೆಂಟೈನ್ ಅದ್ದಿ ಒರೆಸಿದರೆ ಹೋಗುತ್ತದೆ, ನೆಗೆಟಿವ್ ಮೊದಲಿನ ಹಾಗೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಆ ಹೆಣ್ಣುಮಗಳು ಬಾಗಿಲಲ್ಲಿ ನಿಂತಿದ್ದಾಗಲೂ ಗೊತ್ತಿತ್ತು.

ತಾಯಪ್ಪನ ನೆಗೆಟಿವ್ ತೆಗೆಯಲು ಹೋದವನು ಪೆಟ್ಟಿಗೆಯಲ್ಲಿ ಯಂಕಮ್ಮನದು ತೆಗೆದೆ. ಮೊದಲು ಇದರ ಮೇಲೆ ಕೈ ನೋಡೋಣ ಎಂದು. ಅವಳಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದಿತ್ತು. ಕೆನ್ನೆ, ಹಣೆ, ಮೂಗಿನ ತುದಿ, ಎಲ್ಲ ಕಡೆ ಕುಳಿ. ಮದುವೆಯಾದ ವರ್ಷ ತೆಗೆದ ಫೋಟೋ. ಒಂದೊಂದು ಕುಳಿಯನ್ನೂ ತುಂಬಿ ಬೆಣ್ಣೆಯಂಥ ಮುಖ ಮಾಡಿ ಕೊಟ್ಟಿದ್ದೆ. ನೋಡಿ ಅಂದಿದ್ದಳು: "ಯಾರ್ರಿ ಈಕಿ? ಇಷ್ಟು ಚೆಲುವಿ ಇದ್ದಾಗ ನನ್ನ ಯಾಕ ಕಟಿಗೊಂಡ್ರಿ?" ತಮಾಷೆ ಎಂದು ನಕ್ಕಿದ್ದೆ. ಆಮೇಲೆ ಅವಳು ಯಾವತ್ತೂ ಕ್ಯಾಮೆರಾದ ಮುಂದೆ ಕೂಡಲಿಲ್ಲ. ಕರೆದರೆ, "ಆಕಿನ್ನ ತಗೀರಿ, ನಾ ರೊಟ್ಟಿ ಬಡೀಬೇಕು," ಅನ್ನುತ್ತಿದ್ದಳು. ಸತ್ತಾಗಲೂ ಕುರ್ಚಿ ಫೋಟೋ ಬೇಡ ಎಂದು ಹೇಳಿಯೇ ಸತ್ತಳು.

ಒರೆಸಿದೆ. ಹತ್ತಿ ಬೂದಿಬಣ್ಣಕ್ಕೆ ತಿರುಗಿತು. ಪ್ರಿಂಟು ಹಾಕಿದೆ. ತಟ್ಟೆಯ ಔಷಧಿಯಲ್ಲಿ ಮೊದಲು ಕುಂಕುಮ ಮೂಡಿತು, ಆಮೇಲೆ ಕಣ್ಣು, ಆಮೇಲೆ ಕುಳಿಗಳು. ಒಂದರ ಹಿಂದೊಂದು, ಮಳೆಯ ಮೊದಲ ಹನಿ ಮಣ್ಣಿಗೆ ಬಿದ್ದ ಹಾಗೆ.

ಯಂಕೀ, ನಿನ್ನ ಮುಖವೇ ಮರೆತುಹೋಗಿತ್ತಲ್ಲ.

೫ ಮೇ, ಶನಿವಾರ

ತಾಯಪ್ಪನದೂ ಒರೆಸಿದೆ. ಗುರುತು ಬಂತು. ಬಲಗಿವಿಯ ಕೆಳಗೆ ಗಂಟಿನ ಗುರುತೂ ಬಂತು.

ಕೈ ತೊಳೆದುಕೊಂಡು ನೇರ ಸಿದ್ದರಾಮಪ್ಪ ವಕೀಲರ ಮನೆಗೆ ಹೋದೆ. ಅಮರಮ್ಮನ ಅರ್ಜಿ ಬರೆದವರು ಅವರೇ ಎಂದು ವಲಿ ಪಾಷಾ ಹೇಳಿದ್ದ. ಅಮರಮ್ಮ ಬಿಟ್ಟುಹೋದ ಫೋಟೋ, ಈಗಿನ ಪ್ರಿಂಟು ಎರಡನ್ನೂ ವಕೀಲರು ಪಕ್ಕಪಕ್ಕ ಇಟ್ಟು ನೋಡಿದರು.

"ನೀವು ಹೇಳಿಕಿ ಕೊಟ್ರ ನಿಮ್ಮ ಮ್ಯಾಲೂ ಕೇಸ್ ಆಗಬಹುದ್ರಿ, ಮಾಸ್ತರ. ಸಾಕ್ಷಿ ಅಳಿಸಿದ್ದು ಅಂತ. ಈ ವಯಸ್ಸಿನ್ಯಾಗ..."

"ಅಳಿಸಿದ್ದು ಖರೇನ ಅಲ್ರಿ?"

ಹೀಗೆ ಹೇಳುವೆನೆಂದು ಮನೆ ಬಿಡುವಾಗ ಅಂದುಕೊಂಡಿರಲಿಲ್ಲ. ವಕೀಲರ ಮನೆಯ ಚಹಾ ಚೆನ್ನಾಗಿತ್ತು.

೧೨ ಜೂನ್, ಮಂಗಳವಾರ

ಎಸಿ ಸಾಹೇಬರ ಆಫೀಸಿನಲ್ಲಿ ಹೇಳಿಕೆ. ಮನೆಯಲ್ಲಿ ಇಂಗ್ಲಿಷಿನಲ್ಲೇ ಒಂದು ಪುಟ ತಯಾರು ಮಾಡಿ ಒಯ್ದಿದ್ದೆ, 'ಐ ದಿ ಅಂಡರ್‌ಸೈನ್ಡ್' ಎಂದು ಶುರು. ಅದನ್ನು ಯಾರೂ ಕೇಳಲಿಲ್ಲ. ಧಣಿಯ ವಕೀಲ ನಗುನಗುತ್ತಲೇ ಎದ್ದ.

"ಎಷ್ಟು ವರ್ಷದಿಂದ ಕುರ್ಚಿ ಫೋಟೋ ತೆಗೀತೀರಿ?"

"ನಲವತ್ತು."

"ಸತ್ತವರ ಕಣ್ಣು ತೆರದಿರ್ತಾವ ಏನ್ರಿ?"

"ಇಲ್ರಿ. ನಾ ತೆರಸ್ತೀನಿ. ಕುಂಚದಿಂದ."

"ತಾಯಪ್ಪನ ಕಣ್ಣು?"

"ಅವೂ ನಾನೇ."

"ಸಾಹೇಬ್ರ, ಇಲ್ಲದ ಕಣ್ಣು ಬರಿಯೋ ಕೈಗೆ ಇಲ್ಲದ ಗೆರಿ ಬರಿಯೋದು ದೊಡ್ಡ ಕೆಲಸೇನ್ರಿ? ಮಾರ್ಚಿನ್ಯಾಗ ಕೊಟ್ಟ ಕಾಪ್ಯಾಗ ಗೆರಿ ಇಲ್ಲ, ಮೇದಾಗ ಕೊಟ್ಟದ್ರಾಗ ಐತಿ. ನಡುವ ಎರಡು ತಿಂಗಳು ಏನಾತೋ ದೇವ್ರಿಗೇ ಗೊತ್ತು."

ಎಲ್ಲರೂ ನಕ್ಕರು. ಟೈಪು ಮಾಡುವವನೂ ನಕ್ಕ. ಪೆನ್ಸಿಲ್ ಹಾಕಿದರೆ ಗೆರೆ ಹೋಗುತ್ತದೆ, ಒರೆಸಿದರೆ ಬರುತ್ತದೆ ಎಂದು ಎಷ್ಟು ಬಿಡಿಸಿ ಹೇಳಿದರೂ ಉಲ್ಟಾ ಅರ್ಥವಾಗುತ್ತಿತ್ತು. ನಾನೇ ತಡಬಡಿಸಿದೆ. ಹೊರಗೆ ವರಾಂಡದಲ್ಲಿ ಬೂದೆಪ್ಪ ಬೀಡಿ ಸೇದುತ್ತಿದ್ದ.

"ಏನ್ ಮಾಸ್ತರ, ಸತ್ತವನ ಕುತ್ತಿಗಿಗೆ ನೀವ ಹಗ್ಗ ಹಾಕಿದ್ರಂತಲ್ಲ! ಮೋಸಂಬಿ ತಿಂದ ಬಾಯಿ ಇದು?"

"ಹುಳಿ ಇದ್ವು," ಅಂದೆ.

ಅಮರಮ್ಮ ಮೂಲೆಯಲ್ಲಿ ಕೂತಿದ್ದಳು. ನನ್ನ ಜೊತೆ ಮಾತಾಡಲಿಲ್ಲ. ಕ್ಷಮಿಸಿದಳೋ ಇಲ್ಲವೋ ತಿಳಿಯದು, ಕೇಳುವ ಮುಖ ನನಗಿಲ್ಲ. ಎಸಿ ಸಾಹೇಬರು ಮಾತ್ರ ನಕ್ಕಿರಲಿಲ್ಲ. ಫೋಟೋ ನಂಬುವ ಹಾಗಿಲ್ಲ ಎಂದಾದರೆ ಎರಡನ್ನೂ ನಂಬುವ ಹಾಗಿಲ್ಲ, ಹೆಣವನ್ನೇ ತೆಗೆಸಿ ನೋಡಬೇಕಾಗುತ್ತದೆ ಅಂದರಂತೆ. ಸಿದ್ದರಾಮಪ್ಪನವರು ಬಂದು ಹೇಳಿದರು. ಅವರಿಗೆ ಖುಷಿ. ನಾನು ಅವರ ಜೊತೆ ಚಹಾಕ್ಕೆ ನಿಲ್ಲದೆ ಮನೆಗೆ ಬಂದೆ.

೧೩ ಜೂನ್

ಬುಟ್ಟಿ ಹಿಡಿದವನನ್ನೇ ನೋಡುತ್ತ ಕೂತೆ. ಪುಸ್ತಕದಲ್ಲಿ ಅವನ ಹೆಸರೂ ಇಲ್ಲ.

೪ ಸೆಪ್ಟೆಂಬರ್, ಮಂಗಳವಾರ. ದೇವದುರ್ಗ ಬಸ್ ನಿಲ್ದಾಣ

ಬಸ್ಸು ಬರುವವರೆಗೆ ಇಲ್ಲೇ ಬರೆಯುತ್ತೇನೆ. ಮನೆ ಮುಟ್ಟಿದ ಮೇಲೆ ಬರೆದರೆ ತಿದ್ದಿಬಿಡುತ್ತೇನೆ.

ಬೆಳಿಗ್ಗೆ ಅರಕೇರಾದಲ್ಲಿ ತಾಯಪ್ಪನನ್ನು ಹೂತ ಜಾಗದ ಸುತ್ತ ಎಸಿ ಸಾಹೇಬರು, ಡಾಕ್ಟರು, ಇಬ್ಬರು ಪಂಚರು, ಸಿದ್ದರಾಮಪ್ಪ, ಬೂದೆಪ್ಪ. ಫೋಟೋಕ್ಕೆಂದು ಗೊತ್ತು ಮಾಡಿದವನು ಬಂದಿರಲಿಲ್ಲ. ನಾನು ಮುಖ ಗುರುತಿಸುವ ಸಾಕ್ಷಿ ಎಂದು ಹೋದವನು. ಮುಖ ಎಲ್ಲಿರುತ್ತದೆ, ಒಂಬತ್ತು ತಿಂಗಳಾದ ಮೇಲೆ? ಆದರೂ ಕರೆದಿದ್ದರು. ಹೆಗಲಿನ ಚೀಲದಲ್ಲಿ ಸಣ್ಣ ರೋಲ್ ಕ್ಯಾಮೆರಾ ಇತ್ತು. ಯಾಕೆ ಒಯ್ದೆನೋ ಗೊತ್ತಿಲ್ಲ, ರೂಢಿ.

"ಈ ಮುದುಕ ತಗದ್ರ ನಮ್ಮ ಒಪ್ಪಿಗಿ ಇಲ್ರಿ," ಎಂದು ಬೂದೆಪ್ಪ ಕೂಗಾಡಿದ. "ಮತ್ತ ಮನಿಗೆ ಒಯ್ದು ಏನರ ಬರಕೊಂಡು ಬರ್ತಾನ."

ಎಸಿ ಸಾಹೇಬರು ನನ್ನನ್ನು ನೋಡಿದರು. "ರೋಲ್ ಇಲ್ಲೇ ತೆಗೆದು, ತೊಳೆಯದೆ, ಎಲ್ಲರ ಮುಂದೆ ಸೀಲ್ ಮಾಡಿ ಕೊಡುತ್ತೀರಾ? ಆಮೇಲೆ ಅದು ನಿಮ್ಮ ಕೈಗೆ ಬರುವುದಿಲ್ಲ."

ಕೊಡುತ್ತೇನೆ ಅಂದೆ.

ಎರೆಮಣ್ಣು, ಮೊನ್ನೆಯ ಮಳೆಗೆ ನೆಂದಿತ್ತು. ಗುದ್ದಲಿಯವರು ಎದೆಮಟ್ಟ ತೋಡಿ ನಿಂತರು. ಆಮೇಲೆ ಡಾಕ್ಟರೇ ಕುಣಿಗೆ ಇಳಿದು ಕೈಯಿಂದ, ಕುಂಚದಿಂದ ಮಣ್ಣು ಸರಿಸಿದರು. ಅಂಗಿಯ ಗುಂಡಿ ಕಂಡಿತು, ಕೂದಲು ಕಂಡಿತು. ಗದ್ದ ಜಾರಿ ಬಾಯಿ ಅಗಲವಾಗಿ ತೆರೆದಿತ್ತು. ಅವತ್ತು ನಾನೇ ಕೋಲು ಕೊಟ್ಟು ಮುಚ್ಚಿಸಿದ್ದ ಬಾಯಿ.

"ಮುಟ್ಟಬೇಡಿ ಯಾರೂ," ಅಂದರು ಡಾಕ್ಟರು. ಗದ್ದದ ಕೆಳಗೆ ಕುದುರೆ ಲಾಳದಂಥ ಒಂದು ಸಣ್ಣ ಎಲುಬು, ಎರಡು ತುಂಡು, ಮೇಲೆ ಮಣ್ಣಿನ ತೆಳು ಪದರ ಇನ್ನೂ ಹಾಗೇ ಇತ್ತು. "ಕುತ್ತಿಗೆ ಬಿಗಿದರೆ ಮುರಿಯುವ ಎಲುಬು ಇದು. ಎತ್ತುವ ಮೊದಲು ಇದರ ಫೋಟೋ ತೆಗೀರಿ. ಇದ್ದ ಹಾಗೆ."

ಕುಣಿಯ ಅಂಚಿಗೆ ಮೊಳಕಾಲೂರಿದೆ. ಬಿಸಿಲು ಓರೆ ಇತ್ತು, ತಲೆಯ ನೆರಳು ಅರ್ಧ ಎದೆಯ ಮೇಲೆ ಬಿದ್ದಿತ್ತು. ಒಂದು ಬಿಳಿ ಬಟ್ಟೆ ಹಿಡಿದರೆ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಹಿಡಿಯಲಿಲ್ಲ. ಒಂದು ಬೇರು ಮುಖಕ್ಕೆ ಅಡ್ಡ ಬಂದಿತ್ತು, ಇರಲಿ ಅಂದೆ. ಆಗ ಬೆನ್ನ ಹಿಂದೆ ಅಮರಮ್ಮನ ದನಿ. ಏಪ್ರಿಲ್‌ನಿಂದ ನನ್ನ ಜೊತೆ ಮಾತಾಡದವಳು.

"ಯಪ್ಪಾ... ಬಾಯಿ ತೆರಕೊಂಡಾನ. ಮಣ್ಣು ಹೊಕ್ಕೈತಿ. ಮುಚ್ಚಸ್ರಿ ಯಪ್ಪಾ, ನಿಮಗ ಬರ್ತದಲ್ಲ. ಎಲ್ರೂ ನೋಡಾಕತ್ತಾರ."

ನನ್ನ ಬಲಗೈ ಮುಂದೆ ಹೋಗಿಯೇಬಿಟ್ಟಿತ್ತು. ನಲವತ್ತು ವರ್ಷದ ಕೈ. ಗದ್ದಕ್ಕೆ ಒಂದು ಗೇಣು ಉಳಿದಿತ್ತು. ಎಡಗೈಯಿಂದ ಹಿಡಿದು ಹಿಂದಕ್ಕೆ ಎಳೆದುಕೊಂಡೆ. ನೋಡಿದವರು ಏನೆಂದುಕೊಂಡರೋ.

"ಇಲ್ಲವ್ವ. ಇವತ್ತ ತೆರದಿರ್ಲಿ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಆರು ಫೋಟೋ ತೆಗೆದೆ. ಆಮೇಲೆ ಡಾಕ್ಟರು ಆ ಎರಡು ತುಂಡು ಎತ್ತಿ ಕಾಗದದಲ್ಲಿ ಸುತ್ತುವಾಗ ಬೂದೆಪ್ಪ ತಕ್ಷಣ ಹೇಳಿದ: "ಗುದ್ದಲಿ ತಾಗಿ ಮುರದದ್ರಿ ಅದು. ಈಗ ಮುರದದ. ನಾ ಕಣ್ಣಾರೆ ಕಂಡೆ." ಪಂಚರಲ್ಲಿ ಒಬ್ಬ ತಲೆ ಆಡಿಸಿದ, ಇನ್ನೊಬ್ಬ ನೆಲ ನೋಡಿದ. ಮುರಿದದ್ದು ಇವತ್ತೋ ಅವತ್ತೋ ಎಂಬುದು ಈಗ ಆ ರೋಲಿನಲ್ಲಿದೆ. ಈಗಷ್ಟೇ ಮುರಿದ ತುದಿಗೆ ಮಣ್ಣು ಕಚ್ಚಿರುವುದಿಲ್ಲ. ಆ ಮಣ್ಣಿನ ಪದರ ಅದರಲ್ಲಿ ಮೂಡಿದ್ದರೆ ಸಾಕ್ಷಿ ಇದೆ, ಇಲ್ಲದಿದ್ದರೆ ಇಲ್ಲ.

ರೋಲ್ ಸುತ್ತಿ ತೆಗೆದು ಕೊಟ್ಟೆ. ಅರಗು ಕಾಯಿಸಿ ಸೀಲ್ ಒತ್ತಿದರು. ನಾನು ತೆಗೆದು ನಾನೇ ನೋಡದ ಫೋಟೋಗಳು.

ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ಕೂತ ಒಬ್ಬ ಮುದುಕಿ ಚೀಲ ನೋಡಿ ಮಾತಿಗೆ ಬಂದಳು. "ಕುರ್ಚಿ ಫೋಟೋದ ಮಾಸ್ತರೇನ್ರಿ? ನಮ್ಮತ್ತಿ ಇವತ್ತೋ ನಾಳಿಗೋ ಅನ್ನಂಗ ಅದಾಳ. ಹೇಳಿ ಕಳಿಸಿದ್ರ ಬರ್ತೀರಿ?"

"ಬರ್ತೀನವ್ವ. ಆದ್ರ ಈಗ ನಾ ಪೆನ್ಸಿಲ್ ಹಚ್ಚಂಗಿಲ್ಲ. ಕಣ್ಣೂ ತೆರಸಂಗಿಲ್ಲ. ಹೆಂಗದಾಳ ಹಂಗ ಬರ್ತಾಳ."

ಮುದುಕಿ ವಿಚಾರ ಮಾಡಿದಳು.

"ಹಂಗಾದ್ರ ಬ್ಯಾಡ ಬಿಡ್ರಿ," ಅಂದಳು. ಎಲೆಅಡಿಕೆ ಮಾತ್ರ ಕೊಟ್ಟಳು.

೧೭ ಅಕ್ಟೋಬರ್, ಬುಧವಾರ. ರಾಯಚೂರು

ಪುಸ್ತಕ ವಲಿ ಪಾಷಾನಿಗೆ ಹಿಂದಿರುಗಿಸಿದೆ. "ಸಾಹೇಬ ಕಡೀಕ ಏನಾದ?" ಎಂದು ಕೇಳಿದ. ಕೊನೆಯ ಹಾಳೆಗಳಿಲ್ಲ, ಗೊತ್ತಿಲ್ಲ ಅಂದೆ. ಬುಟ್ಟಿಯವನಿದ್ದ ಹಾಳೆ ಮಾತ್ರ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅವನಿಗೆ ಹೇಳಲಿಲ್ಲ.

ದಾರಿಯಲ್ಲಿ ಸಿದ್ದರಾಮಪ್ಪ ವಕೀಲರು ಸಿಕ್ಕರು. ಕೇಸು ಸೆಷನ್ಸ್ ಕೋರ್ಟಿಗೆ ಹೋಗುತ್ತದಂತೆ, ಧಣಿಗೂ ಬೂದೆಪ್ಪನಿಗೂ ಸಮನ್ಸ್ ಆಗಿದೆ. ನನ್ನ ಹೆಸರಿಗೂ ಒಂದು ನೋಟೀಸು ತಯಾರಾಗುತ್ತಿದೆ, ಫೀಜು ಬೇಡ, ನಿಮ್ಮ ಕೇಸು ನಾನೇ ನೋಡಿಕೊಳ್ಳುತ್ತೇನೆ ಅಂದರು. ಅಮರಮ್ಮ ಕೂಲಿಗೆ ಮಾನ್ವಿ ಕಡೆಗೇ ಹೋಗಿದ್ದಾಳೆ, ಬೇರೆ ಗಿರಣಿಗೆ. ಹೋಗದೆ ಏನು ಮಾಡುತ್ತಾಳೆ?

"ಮತ್ತ ರೋಲು?" ಎಂದು ಕೇಳಿದೆ.

"ಬಂದಾವ್ರಿ. ಆರೂ ಬಂದಾವ. ನಾ ಕಣ್ಣಿಂದ ನೋಡೀನಿ."

"ಹೆಂಗ ಬಂದಾವ?"

"ಏನ್ ಹೇಳ್ಲಿ ಮಾಸ್ತರ, ಚೆಂದೇನಿಲ್ಲ. ಅರ್ಧ ನೆಳ್ಳು, ಅಡ್ಡ ಒಂದು ಬೇರು. ಆದ್ರ ಎಲುಬಿನ ಮ್ಯಾಲ ಮಣ್ಣು ಹಂಗ ಅದ, ಸ್ವಚ್ಛ ಕಾಣ್ತದ."

"ಬಾಯಿ?"

"ತೆರದೇ ಅದರೀ," ಅಂದರು.